ಸೇವೆಯೋ, ಸೇವನೆಯೋ? ಶೀರ್ಷಿಕೆ ಓದಿ ಮೋಸಹೋದವರ ಕಥೆ ಹೇಳಿದ ರಾಡ್ ಸರ್ಲಿಂಗ್

ಹಾಸ್ಟೆಲ್‌ನಲ್ಲಿದ್ದಾಗ ಒಂದು ರಾತ್ರಿ ಮೊಬೈಲ್‌ನಲ್ಲಿ ಹಳೆಯ ಕಪ್ಪು-ಬಿಳುಪು ಅಮೆರಿಕನ್ ಟಿವಿ ಕಂತೊಂದನ್ನು ನೋಡಿದ್ದೆ. ಒಂಬತ್ತು ಅಡಿ ಎತ್ತರದ ಅನ್ಯಗ್ರಹದವರು ಬಂದಿಳಿಯುತ್ತಾರೆ. ನಿಮಗೆ ಸಹಾಯ ಮಾಡೋಕೆ ಬಂದಿದ್ದೀವಿ ಅಂತ ವಿಶ್ವಸಂಸ್ಥೆಯಲ್ಲಿ ನಿಂತು ಹೇಳುತ್ತಾರೆ. ಮಾಡಿಯೂ ತೋರಿಸುತ್ತಾರೆ: ಮರುಭೂಮಿಯಲ್ಲಿ ಬೆಳೆ, ಹಸಿವಿಗೆ ಕೊನೆ, ದೇಶದೇಶಕ್ಕೂ ರಕ್ಷಾಕವಚ, ಯುದ್ಧಗಳೇ ಬಂದ್. ಅವರು ಬಿಟ್ಟುಹೋದ ಪುಸ್ತಕದ ಲಿಪಿಯನ್ನು ಬಿಡಿಸಲು ಕೂತ ತಜ್ಞರಿಗೆ ಮೊದಲು ದಕ್ಕುವುದು ಶೀರ್ಷಿಕೆ ಮಾತ್ರ. ಮನುಷ್ಯರ ಸೇವೆ ಅನ್ನೋ ಅರ್ಥದ್ದು. ಅಷ್ಟು ಸಾಕಾಯಿತು. ಅವರ ಗ್ರಹಕ್ಕೆ ಪ್ರವಾಸ ಹೋಗಲು ಜನ ಸಾಲುಗಟ್ಟುತ್ತಾರೆ. ಹತ್ತುವ ಮುಂಚೆ ತಕ್ಕಡಿ ಮೇಲೆ ನಿಂತು ತೂಕ ಹಾಕಿಸಿಕೊಳ್ಳುತ್ತಾರೆ. ಕೊನೆಗೆ ಗೊತ್ತಾಗುತ್ತದೆ, ಅದು ಅಡುಗೆ ಪುಸ್ತಕ.

ಕನ್ನಡದಲ್ಲಿ ಈ ಶ್ಲೇಷೆ ಇನ್ನೂ ಚೆನ್ನಾಗಿ ಕೂರುತ್ತದೆ. ದೇವರನ್ನೂ ಸೇವಿಸುತ್ತೇವೆ, ಊಟವನ್ನೂ ಸೇವಿಸುತ್ತೇವೆ. ಅಂದರೆ ಶೀರ್ಷಿಕೆಯಲ್ಲಿ ಸುಳ್ಳೇ ಇರಲಿಲ್ಲ. ಓದಿದವರು ತಮಗೆ ಬೇಕಾದ ಅರ್ಥ ಹಿಡಿದು ನಿರಾಳವಾದರು, ಅಷ್ಟೇ.

1950ರಲ್ಲಿ ಈ ಕಥೆ ಬರೆದವರು ಡೇಮನ್ ನೈಟ್. 1962ರ ಮಾರ್ಚ್ 2ರಂದು ಅದನ್ನು ಟಿವಿಗೆ ತಂದವರು ‘ದಿ ಟ್ವೈಲೈಟ್ ಝೋನ್’ ಸರಣಿಯ ರಾಡ್ ಸರ್ಲಿಂಗ್. ಅನ್ಯಗ್ರಹದವರ ಕಥೆ ಸರ್ಲಿಂಗ್‌ಗೆ ಯಾಕೆ ಬೇಕಾಯಿತು ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಒಬ್ಬ ಸಿಟ್ಟಿನ ಮನುಷ್ಯ.

ಹುಟ್ಟಿದ್ದು 1924ರ ಡಿಸೆಂಬರ್ 25, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ಯಹೂದಿ ಕುಟುಂಬದಲ್ಲಿ. ಬೆಳೆದಿದ್ದು ಬಿಂಗ್‌ಹ್ಯಾಮ್ಟನ್‌ನಲ್ಲಿ. ಹೈಸ್ಕೂಲ್ ಮುಗಿಯುತ್ತಿದ್ದಂತೆ ಸೇನೆ ಸೇರಿ, ಪ್ಯಾರಾಟ್ರೂಪರ್ ಆಗಿ ಫಿಲಿಪ್ಪೀನ್ಸ್‌ನಲ್ಲಿ ಹೋರಾಡಿ, ಗಾಯಗೊಂಡು ಮರಳಿದರು. ಯುದ್ಧದ ಕೆಟ್ಟ ಕನಸುಗಳು ಬಹುಕಾಲ ಬಿಡಲಿಲ್ಲ. ಆಮೇಲೆ ಬರವಣಿಗೆಗೆ ಇಳಿದರು. 1955ರ ‘ಪ್ಯಾಟರ್ನ್ಸ್’ ನಾಟಕದಿಂದ ಹೆಸರಾದರು.

ಅದೇ ವರ್ಷ ಮಿಸಿಸಿಪಿಯಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಕೊಂದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಬಿಟ್ಟುಕಳಿಸಿತು. ಸರ್ಲಿಂಗ್ ಅದರ ಬಗ್ಗೆ ಬರೆಯಹೊರಟರು. ದಕ್ಷಿಣದ ಬಿಳಿಯರ ಬಹಿಷ್ಕಾರಕ್ಕೆ ಹೆದರಿದ ಪ್ರಾಯೋಜಕರು ಸ್ಕ್ರಿಪ್ಟನ್ನು ಕೊಚ್ಚಿಹಾಕಿದರು. ಕಥೆ ಉತ್ತರದ ನ್ಯೂ ಇಂಗ್ಲೆಂಡಿಗೆ ಹೋಯಿತು. ಸತ್ತವನು ಯಾವುದೋ ಪರದೇಶಿಯಾದ. ದಕ್ಷಿಣದ ನೆನಪು ಬರುತ್ತದೆಂದು ಸೆಟ್‌ನಿಂದ ಕೋಕಾ ಕೋಲಾ ಬಾಟಲಿಯನ್ನೂ ತೆಗೆಸಿದರಂತೆ! 1958ರಲ್ಲಿ ಮತ್ತೆ ಯತ್ನಿಸಿದರು. ಈ ಸಲ ಕಥೆ ಹಿಂದಿನ ಶತಮಾನಕ್ಕೆ ಹೋಯಿತು, ಸತ್ತವನು ಮೆಕ್ಸಿಕನ್ ಆದ.

ನೇರವಾಗಿ ಹೇಳಿದರೆ ಬಿಡಲ್ಲ ಅಂತ ಗೊತ್ತಾಯಿತು. 1959ರ ಅಕ್ಟೋಬರ್‌ನಲ್ಲಿ ಟ್ವೈಲೈಟ್ ಝೋನ್ ಶುರುವಾಯಿತು. ಇನ್ನು ವಿವಾದದ ಗೊಡವೆ ಬೇಡ ಎಂಬಂತೆ ಅವರು ಸಂದರ್ಶನದಲ್ಲಿ ಮಾತಾಡಿದ್ದರು. ನನ್ನ ಪ್ರಕಾರ ಇದೇ ಅವರ ಅತಿ ಚೆಂದದ ರಾಜತಂತ್ರ. ಪ್ರಾಯೋಜಕರೂ ಶೀರ್ಷಿಕೆ ಓದಿ ನಿರಾಳವಾದರು! ರಾಕೆಟ್ ಕಥೆ ತಾನೆ, ಬಿಡಿ ಅಂದುಕೊಂಡರು. 1960ರ ಮೇಪಲ್ ಸ್ಟ್ರೀಟ್ ಕಂತಿನಲ್ಲಿ ಅನ್ಯಗ್ರಹದವರು ಒಂದು ಬೀದಿಯ ಕರೆಂಟ್ ತೆಗೆದು ಹಾಕಿ ಮಾಡುತ್ತಾರೆ, ಅಷ್ಟೇ. ಪಕ್ಕದ ಮನೆಯವನೇ ಶತ್ರು ಅಂತ ನಂಬಿ ಜನ ತಾವೇ ಹೊಡೆದಾಡುತ್ತಾರೆ. ಅಕ್ಕಪಕ್ಕದವರನ್ನೇ ಕಮ್ಯುನಿಸ್ಟ್ ಅಂತ ಶಂಕಿಸಿದ್ದ ಅಮೆರಿಕಕ್ಕೆ ಅದು ಯಾರ ಕಥೆ ಅಂತ ಬಿಡಿಸಿ ಹೇಳಬೇಕಿರಲಿಲ್ಲ. ಸರಣಿಯ 156 ಕಂತುಗಳಲ್ಲಿ 92 ಅವರೇ ಬರೆದದ್ದು.

ಇಷ್ಟಾದರೆ ಇದು ಜಾಣನೊಬ್ಬ ಗೆದ್ದ ಕಥೆ. ಆದರೆ ನನ್ನನ್ನು ಕಾಡುವುದು ಬೇರೆ. ಸರ್ಲಿಂಗ್ ಎಡೆಬಿಡದೆ ಸಿಗರೇಟು ಸೇದುತ್ತಿದ್ದರು. ಸಿಗರೇಟು ಕಂಪನಿ ಪ್ರಾಯೋಜಕನಾಗಿದ್ದಾಗ ಕಂತಿನ ಕೊನೆಗೆ ತಾವೇ ಕ್ಯಾಮೆರಾ ಮುಂದೆ ನಿಂತು ಆ ಬ್ರ್ಯಾಂಡನ್ನು ಹೊಗಳುತ್ತಿದ್ದರು. ಪ್ರಾಯೋಜಕರ ಆಟ ಅವರಷ್ಟು ಬಲ್ಲವರು ಕಮ್ಮಿ. ಆದರೂ ಅವರು ಕೊಟ್ಟಿದ್ದನ್ನು ತಾವೂ ಸೇದಿದರು, ನಮಗೂ ಶಿಫಾರಸು ಮಾಡಿದರು. 1975ರಲ್ಲಿ ಹೃದಯಾಘಾತವಾಯಿತು. ಶಸ್ತ್ರಚಿಕಿತ್ಸೆ ಫಲಿಸದೆ ಜೂನ್ 28ರಂದು ರೋಚೆಸ್ಟರ್‌ನಲ್ಲಿ ತೀರಿಕೊಂಡರು. ಆಗಿನ್ನೂ 50 ವರ್ಷ.

ಮೋಸಹೋಗುವವರು ದಡ್ಡರು, ನಾವು ಓದಿದವರು ಅಂತ ನಮ್ಮಂಥವರಿಗೆ ಒಂದು ಹಮ್ಮು ಇದೆ. ಆ ಕಂತಿನಲ್ಲಿ ಹಡಗು ಹತ್ತಿ ಸಿಕ್ಕಿಬೀಳುವವನು ಮಾತ್ರ ಪುಸ್ತಕದ ಲಿಪಿ ಬಿಡಿಸಲು ನೇಮಿಸಿದ್ದ ತಜ್ಞನೇ. ಒಳಪುಟಗಳನ್ನು ಹಟ ಹಿಡಿದು ಓದಿ ಮುಗಿಸಿದ್ದು ಅವನ ಸಹಾಯಕಿ. ಅವಳು ಓಡಿ ಬಂದು ಕೂಗಿ ಹೇಳುವಷ್ಟರಲ್ಲಿ ಅವನು ಮೆಟ್ಟಿಲ ಮೇಲಿದ್ದ.

ಪ್ರಣಾಳಿಕೆಯ ಮುಖಪುಟ ನೋಡಿ ಖುಷಿಯಾದಾಗ, ಬರೀ ಹೆಡ್‌ಲೈನ್ ಓದಿ ಫಾರ್ವರ್ಡ್ ಮಾಡಲು ಬೆರಳು ಹೋದಾಗ, ನನಗೀಗ ಆ ತಕ್ಕಡಿ ನೆನಪಾಗುತ್ತದೆ. ನಮ್ಮ ತೂಕ ಇವರಿಗ್ಯಾಕೆ ಅಂತ ಆ ಸಾಲಿನಲ್ಲಿ ಒಬ್ಬರಾದರೂ ಕೇಳಬೇಕಿತ್ತು.