ಡಿ ಹ್ಯಾವಿಲೆಂಡನ ಕಮಾನು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಳೆಯ ಮನೆಗಳಲ್ಲಿ ಮಣ್ಣಿನ ಮಾಳಿಗೆಯ ಭಾರವನ್ನು ತೊಲೆಗಳೂ ತೊಲೆಗಳ ಭಾರವನ್ನು ಕಂಬಗಳೂ ಹೊರುತ್ತವೆ. ತೊಲೆ ಎಷ್ಟು ಉದ್ದವೋ ಕಂಬಗಳ ನಡುವಣ ಅಂತರವೂ ಅಷ್ಟೇ. ಕಮಾನಿಗೆ ಈ ಕಟ್ಟಿಲ್ಲ. ಅದರ ಇಟ್ಟಿಗೆಗಳು ಒಂದನ್ನೊಂದು ಒತ್ತಿ ಹಿಡಿದು ಭಾರವನ್ನು ಎರಡು ಬದಿಗಳಿಗೆ ದಾಟಿಸುತ್ತವೆ. ಆದರೆ ಕಮಾನು ತಗ್ಗಾದಷ್ಟೂ ಬದಿಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಅತಿ ತಗ್ಗಾದ, ಅತಿ ಅಗಲವಾದ ಕಮಾನೊಂದನ್ನು ಕಟ್ಟಿ ನಿಲ್ಲಿಸುವೆನೆಂದು ಹೊರಟವನು ಥಾಮಸ್ ಫಿಯೊಟ್ ಡಿ ಹ್ಯಾವಿಲೆಂಡ್.

ಆತನು 1775ರಲ್ಲಿ ಇಂಗ್ಲೆಂಡು ಫ್ರಾನ್ಸುಗಳ ನಡುವಣ ಗರ್ನ್‌ಸಿ ದ್ವೀಪದಲ್ಲಿ ಜನಿಸಿದನು. ಎಳೆಯ ಪ್ರಾಯದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯಲ್ಲಿ ಎಂಜಿನಿಯರನಾದನು. ಪ್ರಾಚೀನ ಗ್ರೀಕ್ ಮತ್ತು ರೋಮನ್ ಕಟ್ಟಡಗಳನ್ನು ಮಾದರಿಯಾಗಿಟ್ಟುಕೊಂಡು ಬ್ರಿಟಿಷರು ಕಟ್ಟುತ್ತಿದ್ದ ಕಾಲವದು. ಆ ಶೈಲಿಯನ್ನು ಗುರುತಿಸಲು ಕಂಬದ ತಲೆಯನ್ನು ನೋಡಿದರೆ ಸಾಕು. ಅಲಂಕಾರವಿಲ್ಲದ ಸರಳವಾದ ತಲೆಯಿದ್ದರೆ ಅದು ಡೋರಿಕ್. ಎರಡು ಪಕ್ಕಗಳಲ್ಲಿ ಸುರುಳಿಗಳಿದ್ದರೆ ಅಯಾನಿಕ್. ಎಲೆಗಳ ಗೊಂಚಲಿದ್ದರೆ ಕೊರಿಂಥಿಯನ್. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಿಗಾಗಿ ಕಟ್ಟಿದ ಭವನದಲ್ಲಿ ಡೋರಿಕ್ ಬಗೆಯ ಕಂಬಗಳನ್ನು ಕಾಣಬಹುದು. ಅಲ್ಲಿನ ವಿಶಾಲವಾದ ಔತಣಶಾಲೆ ಡಿ ಹ್ಯಾವಿಲೆಂಡನ ಕೃತಿ. ಅದರ ಒಳಗೆ ಒಂದೂ ಕಂಬವಿಲ್ಲ!

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ದಿವಾನ್ ಪೂರ್ಣಯ್ಯನವರು 1804ರಲ್ಲಿ ಪೂರೈಸಿದ ಸೇತುವೆಯೊಂದಿತ್ತು. ಒತ್ತೊತ್ತಾದ ಕಲ್ಲುಕಂಬಗಳ ಮೇಲೆ ಕಲ್ಲುತೊಲೆಗಳನ್ನಿಟ್ಟ, ನಮ್ಮ ನಾಡಿನ ಕ್ರಮದ ಗಟ್ಟಿ ಕೆಲಸ. ಡಿ ಹ್ಯಾವಿಲೆಂಡನಾದರೋ ಕೆಲವೇ ದೊಡ್ಡ ಕಮಾನುಗಳಿಂದ ಹೊಳೆಯನ್ನು ದಾಟಬಹುದೆಂದು ಸೂಚಿಸಿದನು. ಮೇಲಿನವರು ನಂಬಲಿಲ್ಲ. ಆತನು ವಾದಿಸುತ್ತ ಕೂಡದೆ 1808ರಲ್ಲಿ ತನ್ನ ಮನೆಯ ತೋಟದಲ್ಲಿಯೇ ಇಟ್ಟಿಗೆಯ ಕಮಾನೊಂದನ್ನು ಕಟ್ಟಿದನು. ಅದರ ಅಗಲ 112 ಅಡಿ, ಏರು ಅದರ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಕಮಾನು ನಿಂತಿತು. ಸೇತುವೆ ಮಾತ್ರ ಆಗಲಿಲ್ಲ.

ಮರುವರ್ಷವೇ ವಿಪತ್ತು ಬಂದಿತು. 1809ರಲ್ಲಿ ಮದರಾಸು ಸೇನೆಯ ಬ್ರಿಟಿಷ್ ಅಧಿಕಾರಿಗಳು ತಮ್ಮ ಸರಕಾರದ ಮೇಲೆಯೇ ದಂಗೆಯೆದ್ದರು. ಶ್ರೀರಂಗಪಟ್ಟಣದ ದಂಗೆಯಲ್ಲಿ ಸೇರಿದ್ದ ಡಿ ಹ್ಯಾವಿಲೆಂಡನು ಕೆಲಸವನ್ನು ಕಳೆದುಕೊಂಡನು. ಲೆಕ್ಕದಲ್ಲಿ ತಪ್ಪದವನು ಇಲ್ಲಿ ತಪ್ಪಿದನೆನ್ನಬೇಕು. 1812ರಲ್ಲಿ ಅವನನ್ನು ಮತ್ತೆ ಸೇವೆಗೆ ತೆಗೆದುಕೊಂಡರು.

ಆತನ ಹೆಸರನ್ನು ಉಳಿಸಿದ ದೊಡ್ಡ ಕಟ್ಟಡ ಮದರಾಸಿನಲ್ಲಿದೆ. ಅದು 1818ರಲ್ಲಿ ಆರಂಭವಾಗಿ 1821ರಲ್ಲಿ ಮುಗಿದ ಸಂತ ಆಂಡ್ರೂಸ್ ಚರ್ಚು. ಅದು ಲಂಡನ್ನಿನ ಶಿಲ್ಪಿ ಜೇಮ್ಸ್ ಗಿಬ್ಸನ ಮಾದರಿಯನ್ನು ಅನುಸರಿಸಿದರೂ ಅದರ ಮುಖಮಂಟಪದಲ್ಲಿ ಅಯಾನಿಕ್ ಕಂಬಗಳಿವೆ. ಒಳಗೆ ದುಂಡನೆಯ ಸಭಾಂಗಣದ ಸುತ್ತ 16 ಕೊರಿಂಥಿಯನ್ ಕಂಬಗಳು ಗುಮ್ಮಟವನ್ನು ಹೊತ್ತಿವೆ. ಆದರೆ ಅಡಿಪಾಯ ಲಂಡನ್ನಿನದಲ್ಲ. ಆ ನೆಲ ಸಡಿಲವಾದುದರಿಂದ ಡಿ ಹ್ಯಾವಿಲೆಂಡನು ನಮ್ಮ ಬಾವಿ ತೋಡುವವರ ಪದ್ಧತಿಯನ್ನು ಹಿಡಿದು, ಸಾಲುಸಾಲಾಗಿ ಬಾವಿಗಳನ್ನು ಇಳಿಸಿ, ಅವುಗಳ ಮೇಲೆ ಚರ್ಚನ್ನು ನಿಲ್ಲಿಸಿದನು. ಕಣ್ಣಿಗೆ ಕಾಣುವ ಕಂಬಗಳಿಗಿಂತ ಕಾಣದ ಈ ಬಾವಿಗಳಲ್ಲಿಯೇ ಅವನ ಜಾಣ್ಮೆ ಹೆಚ್ಚೆಂದು ನನಗೆ ತೋರುತ್ತದೆ.

ನಿವೃತ್ತನಾಗಿ ಗರ್ನ್‌ಸಿಗೆ ಮರಳಿದ ಆತನು 1866ರಲ್ಲಿ ತೀರಿಕೊಂಡನು. ಯಾರೂ ನಂಬದಿದ್ದ ತೋಟದ ಕಮಾನು ಆ ಬಳಿಕವೂ ಎಪ್ಪತ್ತು ವರ್ಷ ನಿಂತಿದ್ದು, 1937ರಲ್ಲಿ ಕುಸಿದುಬಿದ್ದಿತು.