ಪದವಿ ಕೈಸೇರದ ವಿದ್ಯಾರ್ಥಿ: ಸಂತ ಪಿಯೆರ್ ಜೋರ್ಜೊ ಫ್ರಸ್ಸಾತಿ

ನಮ್ಮ ದೇವಾಲಯಗಳಲ್ಲಿ ಕಾಣಸಿಗುವ ಸಂತರ ಸ್ವರೂಪಗಳಲ್ಲಿ ಹೆಚ್ಚಿನವು ಗುರುಗಳವು, ಕನ್ಯಾಸ್ತ್ರೀಯರವು, ರಕ್ತಸಾಕ್ಷಿಗಳವು. ಬೆಟ್ಟ ಹತ್ತುವ ಬೂಟು ತೊಟ್ಟು, ಬಾಯಲ್ಲಿ ಪೈಪು ಕಚ್ಚಿಕೊಂಡು ನಗುತ್ತಿರುವ ಕಾಲೇಜು ತರುಣನ ಭಾವಚಿತ್ರವನ್ನು ಆ ಸಾಲಿನಲ್ಲಿ ಕಂಡು ನಮ್ಮ ಹಿರಿಯರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಆದರೆ 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಸಂತರೆಂದು ಘೋಷಿಸಿದ ಇಬ್ಬರು ಯುವಕರಲ್ಲಿ ಈತನೂ ಒಬ್ಬರು. ಇನ್ನೊಬ್ಬರಾದ ಬಾಲಕ ಕಾರ್ಲೊ ಅಕ್ಯುತಿಸರ ಹೆಸರು ನಮ್ಮ ಮಕ್ಕಳಿಗೆಲ್ಲ ಈಗಾಗಲೇ ಪರಿಚಿತ. ಪಿಯೆರ್ ಜೋರ್ಜೊ ಫ್ರಸ್ಸಾತಿಯವರ ಹೆಸರು ಅಷ್ಟು ಪರಿಚಿತವಲ್ಲ. ಈ ಸ್ಮರಣ ಸಂಚಿಕೆಯಲ್ಲಿ ಅವರ ಬಾಳನ್ನು ಸ್ಮರಿಸಲು ನಮಗೆ ಇನ್ನೊಂದು ಕಾರಣವೂ ಉಂಟು. ಅವರು ಓದಲು ಹೊರಟದ್ದು ಗಣಿಗಾರಿಕೆಯ ಎಂಜಿನಿಯರಿಂಗ್ ವಿದ್ಯೆಯನ್ನು. ಗಣಿಯೆಂದರೇನೆಂದು ಕೋಲಾರ ಸೀಮೆಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಂತ ಡಾನ್ ಬಾಸ್ಕೋರವರ ಕರ್ಮಭೂಮಿಯೂ, ಪ್ರಭುವಿನ ಪವಿತ್ರ ಶವವಸ್ತ್ರವನ್ನು ಕಾಪಾಡಿಕೊಂಡು ಬಂದಿರುವ ನಗರವೂ ಆದ ಇಟಲಿಯ ಟ್ಯೂರಿನ್‌ನಲ್ಲಿ 1901ರ ಏಪ್ರಿಲ್ 6ರಂದು, ಪಾಸ್ಕ ಹಬ್ಬದ ಹಿಂದಿನ ಪವಿತ್ರ ಶನಿವಾರ, ಅವರ ಜನನವಾಯಿತು. ತಂದೆ ಆಲ್ಫ್ರೆದೊ ಫ್ರಸ್ಸಾತಿಯವರು ಲಾ ಸ್ತಾಂಪಾ ಎಂಬ ಪ್ರಸಿದ್ಧ ದಿನಪತ್ರಿಕೆಯ ಒಡೆಯರು. 1913ರಲ್ಲಿ ಸೆನೆಟ್ ಸದಸ್ಯರಾದವರು. ಮುಂದೆ ಜರ್ಮನಿಯಲ್ಲಿ ಇಟಲಿಯ ರಾಯಭಾರಿಯಾಗಿದ್ದವರು. ದೇವರ ವಿಷಯದಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ತಾಯಿ ಅದೆಲಾಯಿದೆ ಚಿತ್ರಕಲಾವಿದೆ. ಅವರ ಪಾಲಿಗೆ ಪೂಜೆಗೆ ಹೋಗುವುದು ಕುಟುಂಬದ ಮರ್ಯಾದೆಯೇ ಹೊರತು ಹೃದಯದ ಹಂಬಲವಲ್ಲ. ಸಂಪತ್ತಿಗೆ ಕೊರತೆಯಿಲ್ಲದ ಆ ಮನೆಯಲ್ಲಿ ಗಂಡಹೆಂಡಿರ ನಡುವೆ ಸಾಮರಸ್ಯದ ಕೊರತೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ಅಂಥ ಮನೆಯಲ್ಲಿ ವಿಶ್ವಾಸದ ದೀಪ ಹೇಗೆ ಹತ್ತಿತು ಎಂದು ಕೇಳುವುದಾದರೆ, ದೇವರ ಕೃಪೆ ಮನೆತನ ನೋಡಿ ಇಳಿಯುವುದಿಲ್ಲ ಎಂದಷ್ಟೇ ನಾವು ಹೇಳಬಲ್ಲೆವು.

ಓದಿನಲ್ಲಿ ಅವರು ಚುರುಕಾದವರೆಂದು ಯಾರೂ ಹೇಳಲಿಲ್ಲ. ಲ್ಯಾಟಿನ್ ಭಾಷೆಯ ಪರೀಕ್ಷೆಯಲ್ಲಿ ನಪಾಸಾದರು. ಆ ಸೋಲೇ ಅವರನ್ನು ಯೇಸುಸಭೆಯ ಗುರುಗಳ ಶಾಲೆಗೆ ಸೇರಿಸಿತು. ಅಲ್ಲಿ ದಿನವೂ ಪರಮಪ್ರಸಾದ ಸ್ವೀಕರಿಸುವ ಅಭ್ಯಾಸ ಅವರಿಗೆ ಅಂಟಿಕೊಂಡಿತು, ಕೊನೆಯವರೆಗೂ ಬಿಡಲಿಲ್ಲ. ಫಲಿತಾಂಶ ಬಂದ ದಿನ ಮುಖ ಬಾಡಿಸಿಕೊಂಡು ಮನೆಗೆ ಮರಳುವ ನಮ್ಮ ಮಕ್ಕಳ ತಂದೆತಾಯಿಗಳು ಈ ಸಂಗತಿಯನ್ನು ಗಮನಿಸಬೇಕು.

1918ರಲ್ಲಿ ಟ್ಯೂರಿನ್‌ನ ರಾಯಲ್ ಪಾಲಿಟೆಕ್ನಿಕ್ ಸೇರಿದರು. ತಂದೆಯ ಪತ್ರಿಕೆಯ ಗದ್ದುಗೆ ಕಾದಿರುವಾಗ ಗಣಿವಿದ್ಯೆ ಏಕೆ? ಅಂದಿನ ಕಾರ್ಮಿಕರಲ್ಲಿ ಅತ್ಯಂತ ಕಷ್ಟದ ಬದುಕು ಗಣಿ ಕಾರ್ಮಿಕರದು. ಅವರ ನಡುವೆ ಇದ್ದು ಕ್ರಿಸ್ತನ ಸೇವೆ ಮಾಡಬೇಕೆಂಬುದು ಅವರ ಸಂಕಲ್ಪವಾಗಿತ್ತು. ಗುರುಪಟ್ಟ ಪಡೆಯುವ ಯೋಚನೆಯನ್ನು ಬದಿಗಿಟ್ಟು, ಗೃಹಸ್ಥನಾಗಿಯೇ ಉಳಿದರೆ ಬಡವರಿಗೆ ಹೆಚ್ಚು ಹತ್ತಿರವಾಗಬಹುದೆಂದು ಅವರು ಎಣಿಸಿದರು. ಅದೇ ಕಾಲದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗಳು ಜಾನ್ ಟೇಲರ್ ಕಂಪನಿಯ ಕೈಯಲ್ಲಿ ನಡೆಯುತ್ತಿದ್ದವು. ಒಳಗೆ ಬಂಡೆ ಸಿಡಿದು ಸತ್ತವರೆಷ್ಟು, ಕಲ್ಲಿನ ಧೂಳು ಶ್ವಾಸಕೋಶಕ್ಕಿಳಿದು ಕೆಮ್ಮಿ ಕೆಮ್ಮಿ ಕೃಶರಾದವರೆಷ್ಟು ಎಂಬುದು ಈ ಸೀಮೆಯ ಹಳೆಯ ಕುಟುಂಬಗಳಿಗೆ ತಿಳಿದ ಮಾತು. ಮುಂದೆ 3 ಕಿಲೋಮೀಟರಿಗೂ ಆಳಕ್ಕೆ ಹೋದ ಆ ಗಣಿಗಳು 2001ರಲ್ಲಿ ಮುಚ್ಚಿದವು. ಅಂಥ ಕತ್ತಲೆಗೆ ತಾನೂ ಇಳಿಯಬೇಕೆಂದು ಒಬ್ಬ ಶ್ರೀಮಂತರ ಮಗ ಬಯಸಿದ್ದನ್ನು ನಾವು ಹಗುರವಾಗಿ ಕಾಣಲಾರೆವು.

ಕಾಲೇಜು ಸೇರಿದ ವರ್ಷವೇ ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಸದಸ್ಯರಾದರು. ಅಂದಿನಿಂದ ಅವರ ಬಾಳು ಎರಡು ಪಾಲಾಯಿತೆನ್ನಬೇಕು. ಮನೆಯವರ ಕಣ್ಣಿಗೆ ಅವರು ಊಟಕ್ಕೆ ತಡವಾಗಿ ಬರುವ, ಓದು ಮುಗಿಸದ, ಬೆಟ್ಟ ಸುತ್ತುವ ಹುಡುಗ. ಟ್ಯೂರಿನ್‌ನ ಬಡ ಕೇರಿಗಳ ಕಣ್ಣಿಗೆ ಮೂಟೆ ಹೊತ್ತು ಮೆಟ್ಟಿಲೇರಿ ಬರುವ ಬಂಧು. ತಂದೆ ಕೊಡುತ್ತಿದ್ದ ಕೈಖರ್ಚಿನ ಹಣ ಹೆಚ್ಚಿರಲಿಲ್ಲ. ಇದ್ದುದನ್ನು ಹಂಚಿ, ಟ್ರಾಮಿನ ಚಿಲ್ಲರೆಯನ್ನೂ ಕೊಟ್ಟು, ಊಟದ ವೇಳೆಗೆ ಮನೆ ಮುಟ್ಟಲು ಓಡೋಡಿ ಬರುತ್ತಿದ್ದರು. ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದವರ ಪಾತ್ರೆಪಡಗಗಳನ್ನು ಗಾಡಿಯ ಮೇಲೆ ಹೇರಿ ತಾವೇ ತಳ್ಳಿಕೊಂಡು ಹೋದದ್ದುಂಟು. ತಂದೆ ಬರ್ಲಿನ್‌ನಲ್ಲಿದ್ದ ಕಾಲದಲ್ಲಿ ಹಿಮ ಸುರಿಯುವ ಚಳಿಯಲ್ಲಿ ತಮ್ಮ ಮೇಲಂಗಿಯನ್ನು ಒಬ್ಬ ಮುದುಕನಿಗೆ ಕೊಟ್ಟು ಬಂದು ಬೈಗುಳ ತಿಂದರು. ತಮ್ಮ ಮನೆಗೆ ಬರುವ ಈ ತರುಣ ಸೆನೆಟರರ ಮಗನೆಂದು ಆ ಬಡವರಲ್ಲಿ ಅನೇಕರಿಗೆ ಗೊತ್ತೇ ಇರಲಿಲ್ಲ.

1922ರಲ್ಲಿ ಸಂತ ದೊಮಿನಿಕರ ಮೂರನೆಯ ಸಭೆಗೆ ಸೇರಿದರು. ರಾತ್ರಿಯ ಆರಾಧನೆಗೆ ತಪ್ಪುತ್ತಿರಲಿಲ್ಲ; ಜಪಸರ ಸದಾ ಜೇಬಿನಲ್ಲಿರುತ್ತಿತ್ತು. ಹಾಗೆಂದು ಮುಖ ಗಂಟಿಕ್ಕಿದ ಭಕ್ತರಲ್ಲ. ಗೆಳೆಯ ಗೆಳತಿಯರನ್ನು ಕೂಡಿಸಿಕೊಂಡು 1924ರಲ್ಲಿ ತಮಾಷೆಗೆಂದು ಕಟ್ಟಿದ ಕೂಟಕ್ಕೆ ಅವರಿಟ್ಟ ಹೆಸರಿನ ಅರ್ಥ ನಮ್ಮ ಮಾತಿನಲ್ಲಿ ಕಿಡಿಗೇಡಿಗಳ ಸಂಘ. ಆಲ್ಪ್ಸ್ ಪರ್ವತಗಳನ್ನು ಹತ್ತುವುದು ಅವರ ಪರಮಾನಂದ. ಮುಸೊಲಿನಿಯ ಪಕ್ಷದವರನ್ನು ಅವರು ಎಂದೂ ಸಹಿಸಲಿಲ್ಲ. 1924ರ ಜೂನ್‌ನಲ್ಲಿ ಆ ಪಕ್ಷದ ಪುಂಡರು ಮನೆಗೆ ನುಗ್ಗಿದಾಗ ತಾಯಿಯೊಡನೆ ಊಟಕ್ಕೆ ಕುಳಿತಿದ್ದ ಅವರು ಎದ್ದು ಹೊಡೆದಾಡಿ ಓಡಿಸಿದರು.

ಮನೆಯ ಹೊರಗೆ ಯಾರಿಗೂ ಅಂಜದ ಈ ಯುವಕ ಮನೆಯ ಒಳಗೆ ಎರಡು ಬಾರಿ ತಲೆಬಾಗಿದರು. ಲೌರಾ ಇದಾಲ್ಗೊ ಎಂಬ ತರುಣಿಯ ಮೇಲೆ ಅವರಿಗೆ ಒಲವಿತ್ತು. ತಂದೆತಾಯಿ ಒಪ್ಪುವುದಿಲ್ಲವೆಂದೂ, ಒತ್ತಾಯಿಸಿದರೆ ಮೊದಲೇ ಬಿರುಕು ಬಿಟ್ಟಿರುವ ಅವರ ದಾಂಪತ್ಯ ಮುರಿದುಬೀಳಬಹುದೆಂದೂ ಬಗೆದು, ಆಕೆಗೂ ಹೇಳದೆ ಆ ಒಲವನ್ನು ಬಿಟ್ಟುಕೊಟ್ಟರು. 1925ರಲ್ಲಿ ಪದವಿ ಸಮೀಪಿಸುತ್ತಿದ್ದಂತೆ, ಮಗ ಪತ್ರಿಕೆಯ ಆಡಳಿತಕ್ಕೆ ಸೇರಬೇಕೆಂದು ತಂದೆ ಬಯಸಿದರು. ಆ ಮಾತನ್ನೂ ಮತ್ತೊಬ್ಬರ ಮೂಲಕ ಹೇಳಿಸಿದರು. ಏಳು ವರ್ಷ ಯಾವ ಗಣಿಗಾಗಿ ಕಷ್ಟಪಟ್ಟು ಓದಿದ್ದರೋ ಆ ಗಣಿಯ ಆಸೆಯನ್ನು ಅವರು ತೊರೆದರು. ಈ ವಿಧೇಯತೆಯನ್ನು ಹೊಗಳುವುದು ಸುಲಭ. ಆದರೆ ಮಕ್ಕಳ ಮೌನವನ್ನು ಸಮ್ಮತಿಯೆಂದು ತಿಳಿಯುವ ಹಿರಿಯರ ವಿಷಯದಲ್ಲಿ ನಮ್ಮ ಮನಸ್ಸು ಕಸಿವಿಸಿಗೊಳ್ಳುತ್ತದೆ ಎಂಬುದನ್ನೂ ಮುಚ್ಚಿಡಲಾರೆವು.

ಎರಡು ಪರೀಕ್ಷೆಗಳು ಮಾತ್ರ ಉಳಿದಿದ್ದವು. ಜೂನ್ ಕೊನೆಯಲ್ಲಿ ತಲೆನೋವು, ಮೈಕೈನೋವು ಆರಂಭವಾಯಿತು. ಮನೆಯಲ್ಲಿ ಅಜ್ಜಿ ಮರಣಶಯ್ಯೆಯಲ್ಲಿದ್ದರು. ಎಲ್ಲರ ಗಮನವೂ ಅತ್ತ. ಬೇಕಾದ ವೇಳೆಯಲ್ಲಿ ಮಗ ಕೆಲಸಕ್ಕೆ ಒದಗುವುದಿಲ್ಲವೆಂದು ತಾಯಿ ಗದರಿದರು. ಕಾಲಿನ ಬಲ ಕುಂದಿ ಅವರು ನಡೆಯುವಾಗ ಬೀಳುತ್ತಿದ್ದುದನ್ನು ಯಾರೂ ಅರಿಯಲಿಲ್ಲ, ಅವರೂ ಹೇಳಲಿಲ್ಲ. ಜುಲೈ 1ರಂದು ಅಜ್ಜಿ ತೀರಿಕೊಂಡರು. ಮಗನಿಗೆ ಬಂದಿರುವುದು ಪೋಲಿಯೋ ಎಂದು ವೈದ್ಯರು ಗುರುತಿಸುವಷ್ಟರಲ್ಲಿ ಕಾಲ ಮಿಂಚಿತ್ತು. ರೋಗಿಗಳ ಮನೆಗಳಿಗೆ ಹೋಗುತ್ತಿದ್ದಾಗ ತಗುಲಿರಬೇಕೆಂಬುದು ಹಲವರ ಎಣಿಕೆ. ಆಗ ಅದಕ್ಕೆ ಲಸಿಕೆಯಿರಲಿಲ್ಲ. ಅದು ಬಂದದ್ದು 1955ರಲ್ಲಿ. 1995ರಿಂದ ಭಾನುವಾರಗಳಂದು ಕೂಸುಗಳನ್ನೆತ್ತಿಕೊಂಡು ಎರಡು ಹನಿ ಹಾಕಿಸಲು ಹೋದ ನಮ್ಮ ತಾಯಂದಿರಿಗೆ ಆ ಹನಿಯ ಬೆಲೆ ತಿಳಿದಿದೆ. 2014ರಲ್ಲಿ ಭಾರತ ಪೋಲಿಯೋ ಮುಕ್ತವೆಂದು ಘೋಷಿತವಾಯಿತು.

ಜುಲೈ 3 ಶುಕ್ರವಾರ. ಶುಕ್ರವಾರವೆಂದರೆ ಅವರು ಬಡವರ ಮನೆಗಳಿಗೆ ಹೋಗುವ ದಿನ. ಆಗಲೇ ಕೈ ಸೋಲುತ್ತಿತ್ತು. ಆದರೂ ಓದಲೂ ಕಷ್ಟವಾಗುವಂಥ ಅಕ್ಷರಗಳಲ್ಲಿ ಗೆಳೆಯನೊಬ್ಬನಿಗೆ ಚೀಟಿ ಬರೆದರು: ಒಬ್ಬ ರೋಗಿಗೆ ಚುಚ್ಚುಮದ್ದು ತಲುಪಿಸಬೇಕಿತ್ತು, ಒಬ್ಬರ ಗಿರವಿ ಚೀಟಿಯ ವಾಯಿದೆ ಮುಗಿಯುವ ಮುನ್ನ ಹೊಸದು ಮಾಡಿಸಬೇಕಿತ್ತು. ಅವರು ಬರೆದ ಕೊನೆಯ ಬರಹ ಇದೇ. ಸಾಯುವವನ ನೆನಪಿನಲ್ಲಿ ಇನ್ನೊಬ್ಬರ ಗಿರವಿಯ ವಾಯಿದೆ ಇದ್ದಿತೆಂಬ ಈ ಒಂದು ಸಂಗತಿಯನ್ನು, ಅವರ ವಿಷಯವಾಗಿ ನಾವು ಓದಿದ ಎಲ್ಲಕ್ಕಿಂತ ಮೇಲಾಗಿ ಎಣಿಸುತ್ತೇವೆ. ಮರುದಿನ 1925ರ ಜುಲೈ 4ರ ಸಂಜೆ ಅವರು ಕೊನೆಯುಸಿರೆಳೆದರು. ವಯಸ್ಸು 24.

ಶವಯಾತ್ರೆಗೆ ಗಣ್ಯರು ಬರುವರೆಂದು ಮನೆಯವರು ನಿರೀಕ್ಷಿಸಿದ್ದರು. ಗಣ್ಯರೂ ಬಂದರು. ಆದರೆ ಬಾಗಿಲು ತೆರೆದಾಗ ಬೀದಿಯ ಎರಡೂ ಕಡೆ ನಿಂತಿದ್ದವರು ಟ್ಯೂರಿನ್‌ನ ಬಡವರು, ಸಾವಿರಾರು ಮಂದಿ. ಅವರನ್ನು ಮನೆಯವರು ಅರಿಯರು. ಅವರಿಗೂ ತಮ್ಮ ಉಪಕಾರಿಯ ಮನೆ ಯಾವುದೆಂದು ಅಂದೇ ತಿಳಿದದ್ದು. ಇಪ್ಪತ್ತನಾಲ್ಕು ವರ್ಷ ಒಂದೇ ಮೇಜಿನಲ್ಲಿ ಉಂಡ ಮಗ ಯಾರೆಂಬುದನ್ನು ತಂದೆತಾಯಿಗಳು ಆ ಜನರ ಕಣ್ಣೀರಿನಿಂದ ತಿಳಿದುಕೊಂಡರು.

1932ರಲ್ಲಿ ಅವರ ಸಂತತ್ವದ ವಿಚಾರಣೆ ಆರಂಭವಾಯಿತು. ನಡುವೆ ನಿಂತು, ಮತ್ತೆ ಸಾಗಿತು. 1990ರ ಮೇ 20ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತರ ಸಾಲಿಗೆ ಸೇರಿಸಿದರು. ಬೆನ್ನೆಲುಬಿನ ಕ್ಷಯದಿಂದ ನರಳುತ್ತಿದ್ದವರೊಬ್ಬರು 1933ರಲ್ಲಿ ಅವರ ಪ್ರಾರ್ಥನೆಯಿಂದ ಗುಣ ಹೊಂದಿದ್ದು ಅದಕ್ಕೆ ಆಧಾರವಾದ ಅದ್ಭುತ. ಪೊಲ್ಲೋನೆ ಎಂಬ ಹಳ್ಳಿಯ ಕುಟುಂಬದ ಸಮಾಧಿಯಿಂದ ತಂದ ಅವರ ದೇಹ ಟ್ಯೂರಿನ್‌ನ ಪ್ರಧಾನಾಲಯದಲ್ಲಿದೆ. ಉಳಿದುಹೋಗಿದ್ದ ಆ ಎಂಜಿನಿಯರಿಂಗ್ ಪದವಿಯನ್ನು ಅವರ ಕಾಲೇಜು 2001ರಲ್ಲಿ, ಅವರು ಹುಟ್ಟಿದ ನೂರನೆಯ ವರ್ಷ, ಮರಣೋತ್ತರವಾಗಿ ನೀಡಿತು. ಅವರ ಹಬ್ಬ ಜುಲೈ 4ರಂದು.