ಬಿದ್ದು ನಗಿಸಿದವಳು, ಎದ್ದು ಸ್ಟುಡಿಯೋ ಕಟ್ಟಿದವಳು

ಪರೀಕ್ಷೆ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಒಂದೇ ಲ್ಯಾಪ್‌ಟಾಪ್ ಸುತ್ತ ಕೂತು ನಾವು ಇಂಗ್ಲಿಷ್ ಕಾಮಿಡಿ ಸೀರಿಯಲ್ ನೋಡ್ತೀವಲ್ಲ, ಆ ಶೈಲಿಗೆ ಗಟ್ಟಿ ಬುನಾದಿ ಹಾಕಿದವರಲ್ಲಿ ಒಬ್ಬಳು ಲೂಸಿಲ್ ಬಾಲ್. ಆಕೆ ನಟಿ ಅಂತ ಬಹಳ ಜನಕ್ಕೆ ಗೊತ್ತು. ಆದರೆ ಇಂಜಿನಿಯರಿಂಗ್ ಓದೋ ನಮಗೆ ಆಕೆಯ ಕಥೆಯಲ್ಲಿ ಇನ್ನೊಂದು ರುಚಿಯೂ ಇದೆ.

1911ರ ಆಗಸ್ಟ್ 6ರಂದು ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ ಹುಟ್ಟಿದ ಲೂಸಿಲ್‌ಗೆ ಇನ್ನೂ 4 ವರ್ಷ ತುಂಬುವ ಮೊದಲೇ ಅಪ್ಪ ಟೈಫಾಯ್ಡ್‌ನಿಂದ ತೀರಿಕೊಂಡರು. ಹದಿಹರೆಯದಲ್ಲಿ ನ್ಯೂಯಾರ್ಕ್ ನಗರದ ನಾಟಕ ಶಾಲೆಗೆ ಸೇರಿದಳು. ಅಲ್ಲಿ ಎಲ್ಲರ ಕಣ್ಣು ಸಹಪಾಠಿ ಬೆಟ್ಟಿ ಡೇವಿಸ್ ಮೇಲೆ. ಈ ಹುಡುಗಿಯಿಂದ ಏನೂ ಆಗಲ್ಲ ಅಂತ ಶಾಲೆಯವರು ವಾಪಸ್ ಕಳಿಸಿಬಿಟ್ಟರು. ಆಕೆ ಮತ್ತೆ ನ್ಯೂಯಾರ್ಕಿಗೆ ಬಂದು ಮಾಡೆಲ್ ಆಗಿ ದುಡಿದಳು. 1933ರಲ್ಲಿ ಹಾಲಿವುಡ್‌ಗೆ ಹೋದಾಗ ಸಿಕ್ಕಿದ್ದು ಗುಂಪಿನಲ್ಲಿ ಒಬ್ಬಳಾಗಿ ನಿಲ್ಲುವ ಪಾತ್ರ. ಆಮೇಲೆ ಆರ್‌ಕೆಓ ಸ್ಟುಡಿಯೋದಲ್ಲಿ ಸಂಬಳಕ್ಕೆ ಸೇರಿ ಸಣ್ಣಪುಟ್ಟ ಪಾತ್ರ ಮಾಡುತ್ತಾ ಹೋದಳು. ಸಾಲು ಸಾಲು ಸಿನಿಮಾ ಬಂದರೂ ದೊಡ್ಡ ತಾರೆ ಆಗಲೇ ಇಲ್ಲ.

1940ರಲ್ಲಿ ಕ್ಯೂಬಾ ಮೂಲದ ಸಂಗೀತಗಾರ ಡೇಸಿ ಅರ್ನಾಜ್ ಜೊತೆ ಮದುವೆಯಾಯಿತು. ಆತ ವಾದ್ಯವೃಂದ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ, ಈಕೆಗೆ ಶೂಟಿಂಗ್. ಇಬ್ಬರೂ ಒಂದೇ ಕಡೆ ಇರೋದೇ ಕಷ್ಟ. 1948ರಿಂದ ಸಿಬಿಎಸ್ ರೇಡಿಯೋದಲ್ಲಿ ಆಕೆ ಮಾಡುತ್ತಿದ್ದ ಹಾಸ್ಯ ಕಾರ್ಯಕ್ರಮ ಜನಕ್ಕೆ ಹಿಡಿಸಿ, ಅದನ್ನು ಟಿವಿಗೆ ತರೋಣ ಅಂತ ಕರೆ ಬಂತು. ಆಕೆಯ ಷರತ್ತು ಒಂದೇ: ಗಂಡನ ಪಾತ್ರವನ್ನು ತನ್ನ ಗಂಡನೇ ಮಾಡಬೇಕು. ಅಮೆರಿಕನ್ ಹೆಣ್ಣಿಗೆ ಕ್ಯೂಬಾದ ಗಂಡ ಅಂದರೆ ಪ್ರೇಕ್ಷಕರು ಒಪ್ತಾರಾ ಅಂತ ಚಾನೆಲ್‌ನವರಿಗೆ ಅನುಮಾನ. ಗಂಡ ಹೆಂಡತಿ 1950ರಲ್ಲಿ ಊರೂರಿಗೆ ಹೋಗಿ ವೇದಿಕೆ ಮೇಲೆ ಜೋಡಿಯಾಗಿ ನಗಿಸಿ ಆ ಅನುಮಾನ ಕಳೆದರು.

ಮುಂದಿನ ಸಮಸ್ಯೆ ತಾಂತ್ರಿಕ. ಆಗ ಹೆಚ್ಚಿನ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರ. ದೂರದ ಊರುಗಳಿಗೆ ಹೋಗುತ್ತಿದ್ದದ್ದು ಟಿವಿ ಪರದೆಯನ್ನೇ ಫಿಲ್ಮ್ ಕ್ಯಾಮೆರಾದಲ್ಲಿ ಹಿಡಿದ ಕಿನೆಸ್ಕೋಪ್ ಪ್ರತಿ, ಅದೂ ಮಸುಕು ಮಸುಕು. ಪ್ರಾಯೋಜಕರಿಗೆ ನ್ಯೂಯಾರ್ಕೇ ಬೇಕು, ಇವರಿಬ್ಬರಿಗೆ ಹಾಲಿವುಡ್ ಬಿಡಲು ಮನಸ್ಸಿಲ್ಲ. ಹಾಗಾದರೆ 35 ಎಂಎಂ ಫಿಲ್ಮಿನಲ್ಲೇ ತೆಗೆಯೋಣ, ಎದುರಿಗೆ ಪ್ರೇಕ್ಷಕರನ್ನೂ ಕೂರಿಸೋಣ ಅಂತ ತೀರ್ಮಾನವಾಯಿತು. ‘ಮೆಟ್ರೊಪೊಲಿಸ್’ ಸಿನಿಮಾಕ್ಕೆ ಕೆಲಸ ಮಾಡಿದ್ದ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್, 3 ಕ್ಯಾಮೆರಾ ಒಟ್ಟಿಗೆ ಓಡಿದರೂ ಪ್ರತಿ ಶಾಟ್‌ಗೆ ಲೈಟ್ ಬದಲಿಸದೆ ನಡೆಯುವಂತೆ ಮೇಲಿನಿಂದ ಸಮನಾದ ಬೆಳಕು ಜೋಡಿಸಿದ. ಫಿಲ್ಮ್ ಅಂದರೆ ಖರ್ಚು ಜಾಸ್ತಿ. ಅದಕ್ಕೆ ದಂಪತಿ ತಮ್ಮ ಸಂಬಳ ಕಡಿಮೆ ಮಾಡಿಕೊಂಡು, ಬದಲಿಗೆ ಆ ಫಿಲ್ಮುಗಳ ಒಡೆತನ ಕೇಳಿದರು. ಒಮ್ಮೆ ಪ್ರಸಾರವಾದದ್ದನ್ನು ಮತ್ತೆ ಯಾರು ನೋಡ್ತಾರೆ ಅನ್ನೋ ಕಾಲ ಅದು, ಹಾಗಾಗಿ ಕೊಟ್ಟೂಬಿಟ್ಟರು!

1951ರ ಅಕ್ಟೋಬರ್ 15ರಂದು ‘ಐ ಲವ್ ಲೂಸಿ’ ಶುರುವಾದಾಗ ಆಕೆಗೆ 40 ವರ್ಷ. 1952ರಲ್ಲಿ ಆಕೆ ಗರ್ಭಿಣಿಯಾದಾಗ ಅದನ್ನು ಮುಚ್ಚಿಡದೆ ಕಥೆಗೇ ಸೇರಿಸಿದರು. ಆದರೆ ಗರ್ಭಿಣಿ ಎಂಬ ಪದ ಮಾತ್ರ ಪರದೆ ಮೇಲೆ ಬರಬಾರದು ಅಂತ ಚಾನೆಲ್‌ನ ಕಟ್ಟಪ್ಪಣೆ! 1953ರ ಜನವರಿ 19ರಂದು ಕಥೆಯಲ್ಲೂ ನಿಜದಲ್ಲೂ ಗಂಡುಮಗು ಹುಟ್ಟಿತು. ಸುಮಾರು 4.4 ಕೋಟಿ ಜನ ಆ ಕಂತು ನೋಡಿದರು. ಮರುದಿನ ಅಧ್ಯಕ್ಷ ಐಸೆನ್‌ಹೋವರ್ ಪ್ರಮಾಣವಚನ ನೋಡಿದವರು ಅದಕ್ಕಿಂತ ಕಡಿಮೆ.

ಕಡಿಮೆ ಸಂಬಳಕ್ಕೆ ಬದಲಾಗಿ ಪಡೆದ ಹಕ್ಕನ್ನು ಮುಂದೆ ಸಿಬಿಎಸ್ಸೇ ಮಿಲಿಯನ್‌ಗಟ್ಟಲೆ ಡಾಲರ್ ಕೊಟ್ಟು ಕೊಂಡಿತು. 1957ರಲ್ಲಿ ಅವರ ಡೆಸಿಲು ಕಂಪನಿ ಆರ್‌ಕೆಓ ಸ್ಟುಡಿಯೋ ಜಾಗಗಳನ್ನೇ ಖರೀದಿಸಿತು. ಒಂದು ಕಾಲಕ್ಕೆ ಆಕೆ ಸಣ್ಣ ಪಾತ್ರ ಮಾಡಿಕೊಂಡಿದ್ದ ಅದೇ ಆರ್‌ಕೆಓ!

ಆದರೆ ಯಾವ ಸಂಸಾರ ಒಂದೇ ಕಡೆ ಇರಲಿ ಅಂತ ಇಷ್ಟೆಲ್ಲಾ ಮಾಡಿದಳೋ ಅದು ಉಳಿಯಲಿಲ್ಲ. 1960ರಲ್ಲಿ ವಿಚ್ಛೇದನವಾಯಿತು. 1962ರಲ್ಲಿ ಡೇಸಿಯ ಪಾಲನ್ನೂ ಕೊಂಡು ಆಕೆ ಒಬ್ಬಳೇ ಸ್ಟುಡಿಯೋ ನಡೆಸಿದಳು. ಅಂಥ ದೊಡ್ಡ ಟಿವಿ ಸ್ಟುಡಿಯೋಕ್ಕೆ ಹೆಣ್ಣೊಬ್ಬಳು ಮುಖ್ಯಸ್ಥೆಯಾದದ್ದು ಅದೇ ಮೊದಲು. ನಮ್ಮಲ್ಲಿ ಅನೇಕರು ಇಷ್ಟಪಡುವ ‘ಸ್ಟಾರ್ ಟ್ರೆಕ್’ 1966ರಲ್ಲಿ ಬಂದದ್ದು ಈ ಸ್ಟುಡಿಯೋದಿಂದಲೇ. ಅದರ ಮೊದಲ ಪೈಲಟ್ ಕಂತನ್ನು ಎನ್‌ಬಿಸಿ ಬೇಡ ಅಂದಿತ್ತು. ಕಂಪನಿಯೊಳಗೆ ಖರ್ಚಿನ ಚಿಂತೆ ಇದ್ದರೂ ಆಕೆ ಕೈಬಿಡಲಿಲ್ಲ, ಎರಡನೆಯ ಪೈಲಟ್ ಗೆದ್ದಿತು.

1967ರಲ್ಲಿ ಸ್ಟುಡಿಯೋ ಮಾರಿದರೂ ನಟನೆ ಬಿಡಲಿಲ್ಲ. ಆದರೆ 1986ರಲ್ಲಿ, 75ರ ವಯಸ್ಸಿನಲ್ಲಿ ಮಾಡಿದ ಕೊನೆಯ ಧಾರಾವಾಹಿ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಅದೇ ವರ್ಷದ ಕೊನೆಗೆ ಡೇಸಿಯೂ ತೀರಿಕೊಂಡ. 1989ರ ಏಪ್ರಿಲ್ 26ರಂದು ಲಾಸ್ ಏಂಜಲೀಸ್‌ನಲ್ಲಿ ಆಕೆಯೂ ಹೊರಟುಹೋದಳು.

ಅವತ್ತು ಫಿಲ್ಮಿನಲ್ಲಿ ತೆಗೆದದ್ದಕ್ಕೇ ಆ ಕಂತುಗಳು ಇವತ್ತಿಗೂ ಸ್ವಚ್ಛವಾಗಿ ಕಾಣ್ತವೆ. ಈ ವಾರಾಂತ್ಯ ಒಂದು ಕಂತು ಹಾಕಿ ನೋಡಿ. ನಗು ಬಂದಾಗ, ಆ ಸೆಟ್ಟಿನ ಬೆಳಕು ಎಲ್ಲಿಂದ ಬೀಳ್ತಿದೆ ಅಂತಲೂ ಒಮ್ಮೆ ಗಮನಿಸಿ.